ಮರೆತವರ ಪಾಲು



ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಮುದುಕನೊಬ್ಬನು ಉಂಡದ್ದನ್ನು ಮರೆತು ಮತ್ತೆ ಊಟ ಕೇಳಿದರೆ ಮನೆಯ ಮಕ್ಕಳು ನಗುವರು. ನೆರೆಯವರು ಈ ಗಾದೆಯನ್ನು ಹೇಳಿ ಸುಮ್ಮನಾಗುವರು. ಗಾದೆ ಹೇಳಿದಲ್ಲಿಗೆ ವಿಷಯವು ಮುಗಿಯಿತೆಂದು ಎಣಿಸುವದರಿಂದ ಎಷ್ಟೋ ಮನೆಗಳ ಬಹುಕಾಲದ ಕಷ್ಟವು ಯಾರ ಕಿವಿಗೂ ಬೀಳದೆ ಹೋಗುತ್ತದೆ. ಆದಕಾರಣ ಈ ಸಾರಿ ಎರಡು ಪ್ರಶ್ನೆಗಳನ್ನು ನಿಮ್ಮ ಮುಂದೆ ಇಡುತ್ತೇವೆ. ನೆನಪೂ ಬುದ್ಧಿಯೂ ಕುಂದಿದ ತಂದೆಯನ್ನಾಗಲಿ ತಾಯಿಯನ್ನಾಗಲಿ ಸಾಕುವದಕ್ಕೆ ಸರಕಾರದಿಂದಲೂ ಪಂಚಾಯತಿಯಿಂದಲೂ ದ್ರವ್ಯಸಹಾಯವನ್ನು ಕೇಳುವದು ಯುಕ್ತವೋ? ಕೇಳಿ ಪಡೆದರೆ ಆ ಹಣವು ಯಾರದು?

ಸಾಗರ ತಾಲೂಕಿನ ಶರಾವತಿಯ ಹಿನ್ನೀರಿನ ಆಚೆ ಇರುವ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಇದು ಯಾವದೇ ಒಂದು ಮನೆಯ ಚರಿತ್ರೆಯಲ್ಲ. ಆದರೆ ಇಂಥ ಮನೆಗಳನ್ನು ಕಾಣದವರು ನಮ್ಮಲ್ಲಿ ಕಡಿಮೆ. ಆ ಮನೆಯ ಅಜ್ಜಿಗೆ ಎಂಭತ್ತು ದಾಟಿದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಕಣಿವೆಯ ಊರುಗಳು ಮುಳುಗಿದಾಗ ಆಕೆಯು ಹೊಸದಾಗಿ ಮದುವೆಯಾಗಿ ಬಂದ ಸೊಸೆ. ಗದ್ದೆ, ತೋಟ, ಮನೆ ಎಲ್ಲವೂ ನೀರಿನ ಪಾಲಾದವು. ಆ ಮೇಲೆ ಗುಡ್ಡದ ಮೇಲೆ ಹುಲ್ಲುಮನೆ ಕಟ್ಟಿ, ಕೂಲಿ ಮಾಡಿ, ಮಕ್ಕಳನ್ನು ಬೆಳಸಿದಳು. ಈಗ ಆಕೆಗೆ ಮಗನ ಹೆಸರು ನೆನಪಿಗೆ ಬಾರದು. ಆದರೆ ಮುಳುಗಿದ ಮನೆಯ ಜಗುಲಿಯೂ ಕೊಟ್ಟಿಗೆಯಲ್ಲಿದ್ದ ಎಮ್ಮೆಯೂ ಆಕೆಗೆ ನಿನ್ನೆ ಕಂಡಂತೆ ನೆನಪಿವೆ. ಸಂಜೆಯಾಯಿತೆಂದರೆ, “ಎಮ್ಮೆ ಕರೆಯೋ ಹೊತ್ತಾಯ್ತು, ಮನೆಗೆ ಹೋಗ್ತೀನಿ” ಎಂದು ಹೊರಡುವಳು. ಆಕೆಯ ಮನೆಯು ನೀರಿನ ಅಡಿಯಲ್ಲಿದೆ. ಆಕೆಯು ನಡೆಯುವ ದಾರಿಯು ನೀರಿಗೆ ಇಳಿಯುತ್ತದೆ. ಸೊಸೆಯು ಹಿಂದಿನಿಂದ ಓಡಿಹೋಗಿ, “ಅತ್ತೆ, ಇವತ್ತು ಲಾಂಚು ಇಲ್ಲ, ನಾಳೆ ಹೋಗೋಣ ಬನ್ನಿ” ಎಂದು ಕೈಹಿಡಿದು ಕರತರುವಳು. 2025ರ ಜುಲೈಯಲ್ಲಿ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸೇತುವೆಯು ತೆರೆದ ಮೇಲೆ ಊರಿನವರು ಲಾಂಚಿಗಾಗಿ ಕಾಯುವದನ್ನು ಬಿಟ್ಟರು; ಅಜ್ಜಿಯು ಮಾತ್ರ ಇನ್ನೂ ಕಾಯುತ್ತಾಳೆ.

ಈ ಕಥೆಯಲ್ಲಿ ಕಣ್ಣೀರು ತರಿಸುವ ಭಾಗವನ್ನು ಎಲ್ಲರೂ ಕಾಣುವರು. ಲೆಕ್ಕದ ಭಾಗವನ್ನು ಕಾಣುವವರು ಸ್ವಲ್ಪ ಮಂದಿ. ಆ ಸೊಸೆಯು ಮೊದಲು ಅಡಿಕೆ ಸುಲಿಯುವ ಕೆಲಸಕ್ಕೂ ಗದ್ದೆಯ ನಟ್ಟಿಗೂ ಹೋಗಿ ಕೂಲಿ ತರುತ್ತಿದ್ದಳು. ಈಗ ಮನೆಯನ್ನು ಬಿಟ್ಟು ಕದಲುವ ಹಾಗಿಲ್ಲ. ರಾತ್ರಿ ನಿದ್ರೆಯಿಲ್ಲ. ಔಷಧದ ವೆಚ್ಚ, ಬಸ್ಸಿನ ವೆಚ್ಚ, ಒದ್ದೆಯಾದ ಹಾಸಿಗೆಬಟ್ಟೆಗಳ ವೆಚ್ಚ ಬೇರೆ. ಅಂದರೆ ವರಮಾನವು ಇಳಿದ ದಿವಸವೇ ಖರ್ಚು ಏರಿತು. ಪ್ರೀತಿಯು ಈ ಭಾರವನ್ನು ಹೊರುವದು ನಿಜ. ಆದರೆ ಹೊತ್ತ ಹೆಗಲು ಸವೆಯುವದೂ ಅಷ್ಟೇ ನಿಜ.

ಇದು ಕೇವಲ ಮುಪ್ಪಿನ ಗುಣವಲ್ಲ, ರೋಗ ಎಂಬದನ್ನು ಮೊದಲು ತಿಳಿಯತಕ್ಕದ್ದು. ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಕನ್ನಡದಲ್ಲಿ ಮರೆಗುಳಿತನವೆಂದು ಕರೆಯುವ ರೂಢಿಯಾಗಿದೆ. ಇದಕ್ಕೆ ಅನೇಕ ಕಾರಣಗಳುಂಟು. ಅವುಗಳಲ್ಲಿ ಹೆಚ್ಚು ಕಾಣುವ ಒಂದನ್ನು ಆಲೋಯಿಸ್ ಆಲ್ಜೈಮರ್ ಎಂಬ ಜರ್ಮನ್ ವೈದ್ಯನು 1906ರಲ್ಲಿ ಟ್ಯೂಬಿಂಗೆನ್ ಪಟ್ಟಣದ ವೈದ್ಯರ ಕೂಟದಲ್ಲಿ ವಿವರಿಸಿದ್ದರಿಂದ ಅದಕ್ಕೆ ಅವನ ಹೆಸರೇ ನಿಂತಿತು. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ ಭಾರತದಲ್ಲಿ ಅರುವತ್ತು ವರುಷ ದಾಟಿದವರಲ್ಲಿ ನೂರಕ್ಕೆ 7.4 ಮಂದಿ, ಒಟ್ಟಿಗೆ ಸುಮಾರು 88 ಲಕ್ಷ ಜನರು, ಈ ರೋಗದಿಂದ ಪೀಡಿತರು. ಆದರೂ ಮರೆವೆಲ್ಲವೂ ಈ ರೋಗವಲ್ಲ. ಬಿ-12 ಎಂಬ ಜೀವಸತ್ವದ ಕೊರತೆ, ಥೈರಾಯಿಡ್ ಗ್ರಂಥಿಯ ದೋಷ, ಮನಸ್ಸಿನ ಖಿನ್ನತೆ, ಕೆಲವು ಔಷಧಗಳ ಪರಿಣಾಮ, ಇವುಗಳಿಂದಲೂ ನೆನಪು ಮಂಕಾಗಬಹುದು, ಅಂಥದಕ್ಕೆ ಚಿಕಿತ್ಸೆಯುಂಟು. ಆದಕಾರಣ ವಯಸ್ಸಾಯಿತೆಂದು ಹೇಳಿ ಮನೆಯಲ್ಲಿಯೇ ಕೂಡ್ರಿಸುವದು ದೊಡ್ಡ ತಪ್ಪು. ಒಂದು ಸಾರಿ ವೈದ್ಯರ ಬಳಿಗೆ ಕರಕೊಂಡು ಹೋಗುವದೇ ಮೊದಲನೆಯ ಕರ್ತವ್ಯ.

ಇನ್ನು ಪ್ರಶ್ನೆಗೆ ಬರೋಣ. ಸಹಾಯವನ್ನು ಕೇಳುವದಕ್ಕೆ ನಮ್ಮ ಜನರು ಹಿಂದೆಗೆಯುವ ಕಾರಣಗಳು ಮೂರು.

ಒಂದನೆಯ ಕಾರಣವು ನಾಚಿಕೆ. “ಹೆತ್ತ ತಾಯಿಯನ್ನು ಸಾಕುವದಕ್ಕೆ ಸರಕಾರದ ಮುಂದೆ ಕೈಚಾಚಬೇಕೇ? ನಾವು ಸತ್ತೆವೇ?” ಎಂದು ಮಾನವಂತನಾದ ಮಗನು ಕೇಳುತ್ತಾನೆ. ಈ ಮಾತಿನಲ್ಲಿ ಗೌರವಿಸತಕ್ಕ ಅಂಶವುಂಟು. ಹತ್ತು ಆಜ್ಞೆಗಳಲ್ಲಿ ಐದನೆಯದನ್ನು ಚಿಕ್ಕಂದಿನಲ್ಲಿಯೇ ಬಾಯಿಪಾಠ ಮಾಡಿದ ನಮಗೆ ಈ ಕರ್ತವ್ಯವನ್ನು ಬೇರೊಬ್ಬನ ತಲೆಯ ಮೇಲೆ ಹಾಕುವದು ಸರಿತೋರದು. ಆದರೆ ವಿಚಾರಿಸಿ ನೋಡಿರಿ. ತಾಯಿಗೆ ಉಣ್ಣಿಸುವ ಕೈ ಮಗಳದೋ ಸೊಸೆಯದೋ ಆಗಿಯೇ ಇರುತ್ತದೆ. ಸರಕಾರವು ಆ ಕೈಯನ್ನು ಕೊಂಡುಕೊಳ್ಳುವದಿಲ್ಲ, ಅದು ಸೋತು ಕೆಳಗೆ ಬೀಳದಂತೆ ಆಧಾರ ಕೊಡುತ್ತದೆ. ಬಾವಿ ತೋಡುವವನು ನೆರೆಯವನಿಂದ ಹಗ್ಗವನ್ನು ಕೇಳಿದರೆ ಬಾವಿಯು ನೆರೆಯವನದಾಗದು. ನಾಚಿಕೆಯಿಂದ ಸಹಾಯವನ್ನು ಬಿಟ್ಟವನು ತನ್ನ ಮಾನವನ್ನು ಉಳಿಸಿಕೊಳ್ಳುತ್ತಾನೆ. ಅದರ ಬೆಲೆಯನ್ನು ತೆರುವವಳು ಹೆಚ್ಚಾಗಿ ಅವನ ಹೆಂಡತಿ, ಆ ಮೇಲೆ ತಾಯಿ. ಒಬ್ಬನ ಮಾನಕ್ಕೆ ಮತ್ತೊಬ್ಬರು ಹಸಿಯುವದು ಧರ್ಮವೋ?

ಇದಲ್ಲದೆ ಆ ಹಣವು ಯಾರೋ ದೊರೆಯು ದಯೆಯಿಂದ ಎಸೆದದ್ದಲ್ಲ. ಬಡವನು ಕೊಳ್ಳುವ ಸಾಬೂನಿನ ಬೆಲೆಯಲ್ಲಿಯೂ ತೆರಿಗೆಯುಂಟು. ಮನೆಯ ಕಂದಾಯದ ರಶೀತಿಯಲ್ಲಿ ಗ್ರಂಥಾಲಯದ ಕರ, ಆರೋಗ್ಯದ ಕರ ಎಂಬ ಸಾಲುಗಳ ಜೊತೆಗೆ ಭಿಕ್ಷುಕರ ಕರವೆಂಬದೊಂದು ಇರುವದನ್ನು ಕಂಡಿದ್ದೀರೋ? 1975ರ ಕರ್ನಾಟಕ ಭಿಕ್ಷಾಟನೆ ನಿಷೇಧದ ಕಾಯಿದೆಯ ಪ್ರಕಾರ ಮನೆ ಮತ್ತು ನಿವೇಶನಗಳ ತೆರಿಗೆಯ ಮೇಲೆ ನೂರಕ್ಕೆ 3ರಂತೆ ಅದು ಕೂಡಿಸಲ್ಪಟ್ಟಿದೆ. ಗತಿಯಿಲ್ಲದವನ ಅನ್ನದಲ್ಲಿ ಪ್ರತಿಯೊಂದು ಮನೆಗೂ ಪಾಲಿದೆ ಎಂಬದನ್ನು ನಾವು ತೆರಿಗೆ ಕಟ್ಟುವಾಗಲೇ ಒಪ್ಪಿಕೊಂಡಿದ್ದೇವೆ. ಕೊಡುವಾಗ ಒಪ್ಪಿದ ನ್ಯಾಯವನ್ನು ಪಡೆಯುವಾಗ ನಾಚಿಕೆಯೆಂದು ತಳ್ಳುವದು ಹೇಗೆ?

ಎರಡನೆಯ ಕಾರಣವು ಹೆಸರಿನ ಭಯ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ವಿಧದ ವೈಕಲ್ಯಗಳನ್ನು ಎಣಿಸುತ್ತದೆ. ಅವುಗಳಲ್ಲಿ ಮರೆಗುಳಿತನವು ತನ್ನ ಸ್ವಂತ ಹೆಸರಿನಿಂದ ಇಲ್ಲ. ಆದರೆ ಮಾನಸಿಕ ರೋಗವೆಂಬದನ್ನು ಅರ್ಥೈಸುವಾಗ ಆ ಕಾಯಿದೆಯು ನೆನಪಿನ ಕೆಡುಕನ್ನೂ ಕಾಲ, ಸ್ಥಳ, ಜನ ಇವುಗಳ ಅರಿವು ತಪ್ಪುವದನ್ನೂ ಸೇರಿಸಿದೆ. ಮಾನಸಿಕ ವೈಕಲ್ಯವನ್ನು ಅಳೆಯುವದಕ್ಕೆ 2002ರಲ್ಲಿ ಗೊತ್ತುಮಾಡಿದ ಕ್ರಮದಲ್ಲಿ ಡಿಮೆನ್ಷಿಯಾದ ಹೆಸರು ಸ್ಪಷ್ಟವಾಗಿ ಇತ್ತು. ಹೀಗಿರಲಾಗಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವೆಂದು ವೈದ್ಯರ ಮಂಡಳಿಯು ಬರೆದುಕೊಟ್ಟರೆ ಅಂಗವಿಕಲರ ಗುರುತಿನ ಚೀಟಿಯು ದೊರೆಯುವದು. ಆದರೆ ಕಾಗದದ ಮೇಲೆ ‘ಮಾನಸಿಕ ರೋಗ’ ಎಂದು ಬರೆಯಲ್ಪಡುವದು. “ನಮ್ಮಪ್ಪ ಹುಚ್ಚನೇ? ಈ ಕಾಗದವನ್ನು ನಾಳೆ ಹೆಣ್ಣು ನೋಡಲು ಬಂದವರು ಕಂಡರೆ?” ಎಂದು ಮನೆಯವರು ಬೆದರುತ್ತಾರೆ.

ಇದಕ್ಕೆ ಏನು ಹೇಳೋಣ? ಮಿದುಳು ದೇಹದ ಒಂದು ಅಂಗ. ಕಾಲು ಮುರಿದವನನ್ನು ಕುಂಟನೆಂದು ಬರೆದರೆ ಅವನ ಗುಣಕ್ಕೆ ಕುಂದಿಲ್ಲ. ಮಿದುಳು ಸವೆದವನ ಮಾತೂ ಹಾಗೆಯೇ. ಸತ್ಯವನ್ನು ಬರೆಯಿಸುವದರಿಂದ ತಂದೆಗೆ ಅವಮಾನವಾಗುವದಿಲ್ಲ. ಬಾಗಿಲು ಮುಚ್ಚಿ ಕೂಡಿಹಾಕಿದರೆ, ಮದುವೆ ಮನೆಗೆ ಕರೆಯದೆ ಬಿಟ್ಟರೆ, ಎದುರಿಗೇ ಹಾಸ್ಯ ಮಾಡಿದರೆ ಅವಮಾನವಾಗುತ್ತದೆ. ಇನ್ನೊಂದು ಮಾತು. ವೈದ್ಯರ ಮುಂದೆ ಕುಳಿತಾಗ ಮರ್ಯಾದೆಗಾಗಿ “ಚೆನ್ನಾಗಿದ್ದಾರೆ, ಸ್ವಲ್ಪ ಮರೆವು ಅಷ್ಟೇ” ಎಂದು ಹೇಳುವವರು ಅನೇಕರು. ರೋಗಿಯೂ ಆ ಅರ್ಧ ಗಳಿಗೆ ಜಾಣತನದಿಂದ ಮಾತಾಡಿಬಿಡುವದುಂಟು. ವೈದ್ಯರು ನೋಡುವದು ನಾಲ್ಕು ವಿಷಯಗಳನ್ನು: ತನ್ನ ಸ್ನಾನ ಊಟಗಳನ್ನು ತಾನೇ ಮಾಡಿಕೊಳ್ಳುವದು, ಜನರ ಸಂಗಡ ಬೆರೆಯುವದು, ಮಾತು ಮತ್ತು ತಿಳುವಳಿಕೆ, ಕೆಲಸ. ಆದಕಾರಣ ಮೊದಲೇ ಒಂದು ತಿಂಗಳು ಮನೆಯಲ್ಲಿ ನಡೆದದ್ದನ್ನು ದಿನದಿನಕ್ಕೆ ಬರೆದಿಟ್ಟುಕೊಂಡು, ಹೆಚ್ಚೂ ಹೇಳದೆ ಕಡಿಮೆಯೂ ಹೇಳದೆ, ಇದ್ದದ್ದನ್ನು ಇದ್ದಹಾಗೆ ತಿಳಿಸಬೇಕು. ಮಾನಕ್ಕಾಗಿ ಹೇಳುವ ಸುಳ್ಳೂ ಸುಳ್ಳೇ.

ಮೂರನೆಯ ಕಾರಣವು ದಾರಿ ತಿಳಿಯದಿರುವದು. ಅರುವತ್ತೈದು ದಾಟಿದ ಬಡ ಕೂಲಿಯವರಿಗೂ ಸಣ್ಣ ರೈತರಿಗೂ ಕರ್ನಾಟಕದಲ್ಲಿ ಸಂಧ್ಯಾ ಸುರಕ್ಷಾ ಎಂಬ ವೇತನವುಂಟು. 2021ರಿಂದ ಅದು ತಿಂಗಳಿಗೆ 1200 ರೂಪಾಯಿ. ಅಂಗವಿಕಲರ ವೇತನವೆಂಬದು ಬೇರೊಂದು. ಒಬ್ಬರಿಗೆ ಎರಡೂ ಒಟ್ಟಿಗೆ ಸಿಕ್ಕುವದಿಲ್ಲವಾದ್ದರಿಂದ ಯಾವದು ಹೆಚ್ಚು ಅನುಕೂಲವೆಂದು ಕೇಳಿ ತಿಳಿದು ಅರ್ಜಿ ಹಾಕಬೇಕು. ಅರ್ಜಿಯನ್ನು ಹೋಬಳಿಯ ನಾಡಕಚೇರಿಯಲ್ಲಿ ಕೊಡತಕ್ಕದ್ದು. ಗ್ರಾಮ ಪಂಚಾಯತಿಗಳಲ್ಲಿ ಅಂಗವಿಕಲರ ಕೆಲಸಕ್ಕೆಂದೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೇಮಿಸಲ್ಪಟ್ಟಿದ್ದಾರೆ. ಮೊದಲು ಅವರನ್ನು ವಿಚಾರಿಸಿದರೆ ವ್ಯರ್ಥವಾದ ಓಡಾಟವು ತಪ್ಪುವದು. ಮನೋವೈದ್ಯರನ್ನು ಕಾಣುವದಕ್ಕೆ ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಚಿಕಿತ್ಸಾಲಯವನ್ನು ಕುರಿತು ಕೇಳಿರಿ. 14567 ಎಂಬ ಸಂಖ್ಯೆಗೆ ಫೋನು ಮಾಡಿದರೆ ವೃದ್ಧರ ವಿಷಯದಲ್ಲಿಯೂ, 14416ಕ್ಕೆ ಮಾಡಿದರೆ ಮನಸ್ಸಿನ ರೋಗಗಳ ವಿಷಯದಲ್ಲಿಯೂ ಹಣವಿಲ್ಲದೆ ಸಲಹೆ ಕೊಡುತ್ತಾರೆ.

ತೆರಿಗೆಯ ರಿಯಾಯಿತಿಯ ಮಾತೇನೆಂದು ಕೆಲವರು ಕೇಳಬಹುದು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ದೇಶಗಳಲ್ಲಿ 1993ರಿಂದ ನಡೆಯುತ್ತಿರುವ ಮನೆತೆರಿಗೆಯ ಕ್ರಮದಲ್ಲಿ ಒಂದು ಏರ್ಪಾಡುಂಟು. ಬುದ್ಧಿಯು ಬಹಳವಾಗಿ ಕುಂದಿದೆಯೆಂದು ವೈದ್ಯನು ಬರೆದುಕೊಟ್ಟು, ಗೊತ್ತುಮಾಡಿದ ಸಹಾಯಧನಗಳಲ್ಲಿ ಒಂದಕ್ಕೆ ಹಕ್ಕುಳ್ಳವನಾಗಿದ್ದರೆ, ಅಂಥವನನ್ನು ತೆರಿಗೆಯ ಲೆಕ್ಕದಲ್ಲಿ ಹಿಡಿಯುವದಿಲ್ಲ. ಅವನೊಬ್ಬನೇ ಮನೆಯಲ್ಲಿದ್ದರೆ ತೆರಿಗೆಯೇ ಇಲ್ಲ. ಸಂಗಡ ಮತ್ತೊಬ್ಬ ವಯಸ್ಕನಿದ್ದರೆ ಕಾಲುಭಾಗ ಕಡಿಮೆ. ನಮ್ಮ ದೇಶದಲ್ಲಿಯೂ 1961ರ ವರಮಾನ ತೆರಿಗೆಯ ಕಾಯಿದೆಯ ನಿಯಮಗಳು ಡಿಮೆನ್ಷಿಯಾವನ್ನು ಹೆಸರಿಸಿ, ವೃದ್ಧ ರೋಗಿಯ ಚಿಕಿತ್ಸೆಗೆ ಮಾಡಿದ ಖರ್ಚಿನಲ್ಲಿ ವರುಷಕ್ಕೆ 1 ಲಕ್ಷ ರೂಪಾಯಿಯ ವರೆಗೆ ವರಮಾನದಿಂದ ಕಳೆಯುವದಕ್ಕೆ ಅಪ್ಪಣೆ ಕೊಟ್ಟವು.

ಆದರೆ ಇಲ್ಲಿ ಒಂದು ನ್ಯಾಯದ ತೊಡಕು ಇದೆ. ತೆರಿಗೆಯ ರಿಯಾಯಿತಿಯು ತೆರಿಗೆ ಕಟ್ಟುವವನಿಗೆ ಮಾತ್ರ ಸಹಾಯ. ಸಾಗರ ಪೇಟೆಯಲ್ಲಿ ಸಂಬಳದ ಕೆಲಸದಲ್ಲಿರುವ ಮಗನಿಗೆ ಅದು ಪ್ರಯೋಜನವಾಗಬಹುದು. ಹೊಸನಗರದ ಕಡೆ ಕೂಲಿ ಮಾಡುವ ಮಗನಿಗೆ ವರಮಾನ ತೆರಿಗೆಯೇ ಇಲ್ಲ. ತೀರ್ಥಹಳ್ಳಿಯ ಅಡಿಕೆ ತೋಟದವನ ಬೇಸಾಯದ ಆದಾಯಕ್ಕೂ ಆ ತೆರಿಗೆಯಿಲ್ಲ. ಇಲ್ಲದ ಸಾಲವನ್ನು ಮನ್ನಾ ಮಾಡಿದರೆ ಯಾರಿಗೆ ಲಾಭ? ಹಳ್ಳಿಯ ಬಡಮನೆಯ ಕಂದಾಯವನ್ನು ಪೂರ್ತಿ ಬಿಟ್ಟುಕೊಟ್ಟರೂ ಅದರಿಂದ ಸೊಸೆಯ ತಪ್ಪಿಹೋದ ಕೂಲಿಯು ತುಂಬುವದಿಲ್ಲ. ಆದಕಾರಣ ಬಡವರ ಮಟ್ಟಿಗೆ ತೆರಿಗೆಯನ್ನು ಬಿಡುವದಕ್ಕಿಂತ, ಕೂಡಿಬಂದ ತೆರಿಗೆಯಲ್ಲಿ ಅವರಿಗೆ ಪಾಲು ಕೊಡುವದೇ ಹೆಚ್ಚು ನ್ಯಾಯವಾದದ್ದು. ಇದಕ್ಕೆ ನಮ್ಮಲ್ಲಿ ದಾರಿಯುಂಟು. ಗ್ರಾಮ ಪಂಚಾಯತಿಯು ತನ್ನ ಸ್ವಂತ ಆದಾಯದಲ್ಲಿ ನೂರಕ್ಕೆ 5ರಷ್ಟನ್ನು ಅಂಗವಿಕಲರಿಗಾಗಿ ವೆಚ್ಚಮಾಡಬೇಕೆಂದು ಸರಕಾರದ ಆಜ್ಞೆಯಿದೆ. ಗ್ರಾಮಸಭೆಯಲ್ಲಿ ಈ ಹಣದ ಮಾತು ಬರುವಾಗ ಊರುಗೋಲು, ಗಾಲಿಕುರ್ಚಿಗಳ ನೆನಪು ಎಲ್ಲರಿಗೂ ಆಗುತ್ತದೆ. ನೆನಪು ತಪ್ಪಿದವರ ನೆನಪು ಯಾರಿಗೂ ಆಗುವದಿಲ್ಲ. ಈಚಿನ ವರುಷಗಳಲ್ಲಿ ರಾಜ್ಯ ಸರಕಾರವು ಕೆಲವು ಕಠಿಣ ರೋಗಗಳವರನ್ನು ನೋಡಿಕೊಳ್ಳುವ ಮನೆಯವರಿಗೆ ತಿಂಗಳಿಗೆ 1000 ರೂಪಾಯಿ ಕೊಡುವದಾಗಿ ಪ್ರಕಟಿಸಿದಾಗ ಪಾರ್ಕಿನ್ಸನ್ ಮುಂತಾದ ನಾಲ್ಕು ರೋಗಗಳನ್ನು ಹೆಸರಿಸಿತು. ಅವುಗಳಲ್ಲಿ ಮರೆಗುಳಿತನವು ಇರಲಿಲ್ಲ.

ಯಾಕೆ ಹೀಗೆ? ಈ ಪ್ರಶ್ನೆಯಲ್ಲಿಯೇ ನಮ್ಮ ವಿಷಯದ ತಿರುಳು ಇದೆ. ಕುರುಡನು ತನಗೆ ಬೇಕಾದದ್ದನ್ನು ಕೇಳಬಲ್ಲನು. ಕುಂಟನು ಗ್ರಾಮಸಭೆಗೆ ಬಂದು ಜಗಳವಾಡಬಲ್ಲನು. ಮಂಗನ ಕಾಯಿಲೆಯು 2019ರಲ್ಲಿ ಅರಳಗೋಡಿನ ಸುತ್ತ ಹಬ್ಬಿದಾಗ ಊರೆಲ್ಲವೂ ಕೂಗಿತು, ಜಿಲ್ಲೆಯೆಲ್ಲವೂ ಎಚ್ಚತ್ತಿತು. ಆದರೆ ಮರೆತವನಿಗೆ ತನ್ನ ಹಕ್ಕೂ ಮರೆತಿದೆ, ತಾನು ರೋಗಿಯೆಂಬದೂ ಮರೆತಿದೆ. ಅರ್ಜಿಗಾಗಿ ಕಾಯುವ ಸಹಾಯವು ಅರ್ಜಿ ಹಾಕಲಾರದವನಿಗೆ ಹೇಗೆ ಮುಟ್ಟೀತು? ಇಂಗ್ಲೆಂಡಿನ ಆ ಮನೆತೆರಿಗೆಯ ರಿಯಾಯಿತಿಯೂ ಯಾರಾದರೂ ಅರ್ಜಿ ಹಾಕಿದ ಹೊರತು ದೊರೆಯದು. ಆದಕಾರಣ ಅವನ ಪರವಾಗಿ ಕೇಳುವ ಕರ್ತವ್ಯವು ನೆನಪುಳ್ಳವರ ಮೇಲೆ ಬೀಳುತ್ತದೆ; ಮೊದಲು ಮನೆಯವರ ಮೇಲೆ, ಮನೆಯವರು ಸೋತಲ್ಲಿ ನೆರೆಯವರ ಮೇಲೆ. ತನಗಾಗಿ ಕೇಳುವದಕ್ಕೆ ನಾಚುವವನು ನಾಚಲಿ; ಕೇಳಲಾರದವನಿಗಾಗಿ ಕೇಳುವದು ಭಿಕ್ಷೆಯಲ್ಲ, ಸಾಕ್ಷಿ ಹೇಳಿದಂತೆ.

ಹುಡುಕಿಕೊಂಡು ಹೋದರೆ ಏನಾಗುವದೆಂಬದಕ್ಕೆ ದೃಷ್ಟಾಂತವು ದೂರದಲ್ಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಈ ಶತಮಾನದ ಮೊದಲ ದಶಕದಲ್ಲಿ ತೀರ್ಥಹಳ್ಳಿ ತಾಲೂಕಿನಲ್ಲಿ ಸ್ಕಿಜೋಫ್ರೇನಿಯಾ ಎಂಬ ಕಠಿಣವಾದ ಮನೋರೋಗದಿಂದ ನರಳುವವರನ್ನು ಹಳ್ಳಿಹಳ್ಳಿಯಲ್ಲಿ ಹುಡುಕಿಸಿ, ಅವರವರ ಊರಿನ ಸಮೀಪದಲ್ಲಿಯೇ ಔಷಧ ಕೊಡುವ ಏರ್ಪಾಡು ಮಾಡಿದರು. ವರುಷಗಟ್ಟಲೆ ಚಿಕಿತ್ಸೆಯಿಲ್ಲದೆ ಬಿದ್ದವರು ಆಗ ಬೆಳಕಿಗೆ ಬಂದರು. ಔಷಧ ತೆಗೆದುಕೊಂಡವರಲ್ಲಿ ಅಸಾಮರ್ಥ್ಯವು ಕಡಿಮೆಯೆಂದು ಕಂಡುಬಂತು. ಮರೆಗುಳಿತನಕ್ಕೆ ಅಂಥ ಔಷಧವು ಇನ್ನೂ ಇಲ್ಲದಿರಬಹುದು. ಆದರೆ ಮನೆಯ ಬಾಗಿಲಿಗೆ ಹೋಗಿ ಹುಡುಕುವ ಕ್ರಮವು ನಮ್ಮ ಮಲೆನಾಡಿನ ಒಂಟಿಮನೆಗಳಲ್ಲಿಯೂ ಸಾಧ್ಯವೆಂಬದು ಇದರಿಂದ ಸಿದ್ಧವಾಯಿತು.

ಇನ್ನು ಎರಡನೆಯ ಪ್ರಶ್ನೆ: ಪಡೆದ ಹಣವು ಯಾರದು? ಇದು ಮೊದಲನೆಯದಕ್ಕಿಂತ ಕಠಿಣ. ಯಾಕಂದರೆ ಎಣಿಸಲಾರದವನ ಹಣವನ್ನು ಎಣಿಸುವವನಿಗೆ ಕಾಣುವ ಸಾಕ್ಷಿ ಯಾರೂ ಇಲ್ಲ. ಬ್ಯಾಂಕಿನಿಂದ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿ ತಂದ 1200 ರೂಪಾಯಿಯು ಮೊಮ್ಮಗನ ಮೊಬೈಲಿಗೂ ಮಗನ ಕುಡಿತಕ್ಕೂ ಹೋದರೆ ಅಜ್ಜಿಯು ದೂರುವದಿಲ್ಲ. ಮರುದಿನ ಆಕೆಗೆ ಬ್ಯಾಂಕಿಗೆ ಹೋದದ್ದೇ ನೆನಪಿರದು. ಅದಕ್ಕಿಂತ ಕೆಟ್ಟದ್ದೂ ಉಂಟು. ತಿಳುವಳಿಕೆ ತಪ್ಪಿದ ಮುದುಕನನ್ನು ಒಳ್ಳೆ ಅಂಗಿ ತೊಡಿಸಿ ನೋಂದಣಿಯ ಕಚೇರಿಗೆ ಕರಕೊಂಡು ಹೋಗಿ, ಒಬ್ಬ ಮಗನು ಉಳಿದವರಿಗೆ ತಿಳಿಯದಂತೆ ತೋಟವನ್ನು ಬರೆಸಿಕೊಳ್ಳುತ್ತಾನೆ. ತಾನು ಮಾಡುವದರ ಫಲವನ್ನು ಅರಿಯಲಾರದವನ ಕರಾರು ನಿಲ್ಲದೆಂದು 1872ರ ಕರಾರು ಕಾಯಿದೆಯು ಹೇಳುತ್ತದೆ. ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ವೃದ್ಧನು ಬರೆದುಕೊಟ್ಟ ಆಸ್ತಿಯನ್ನು, ಪಡೆದವನು ನೋಡಿಕೊಳ್ಳದೆ ಹೋದರೆ, 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯ ಪ್ರಕಾರ ರದ್ದುಮಾಡಿಸಬಹುದು. ಅದರ ವಿಚಾರಣೆಯು ಉಪವಿಭಾಗಾಧಿಕಾರಿಯ ಮುಂದೆ. ಸಾಗರ, ಹೊಸನಗರದವರಿಗೆ ಸಾಗರದಲ್ಲಿ, ತೀರ್ಥಹಳ್ಳಿಯವರಿಗೆ ಶಿವಮೊಗ್ಗದಲ್ಲಿ. ಪೋಷಣೆಯ ವಿಷಯದಲ್ಲಿ ವೃದ್ಧನು ಕೇಳದಿದ್ದರೂ ಆ ನ್ಯಾಯಮಂಡಳಿಯು ತಾನಾಗಿಯೇ ವಿಚಾರಣೆಯನ್ನು ಎತ್ತಿಕೊಳ್ಳಬಹುದೆಂದು ಕಾಯಿದೆಯಲ್ಲಿದೆ. ಕೇಳಲಾರದವರು ಇದ್ದಾರೆಂಬದನ್ನು ಕಾಯಿದೆ ಬರೆದವರೇ ತಿಳಿದಿದ್ದರು.

ಆದರೆ ಕಾಯಿದೆಯು ಅಡಿಗೆಮನೆಯ ಒಳಗೆ ಬಾರದು. ಅಲ್ಲಿ ಮನಸ್ಸಾಕ್ಷಿಯೊಂದೇ ಕಾವಲು. ಆದಕಾರಣ ಒಂದು ಸುಲಭವಾದ ನೇಮವನ್ನು ಹೇಳುತ್ತೇವೆ. ಅಜ್ಜಿಯ ಹೆಸರಿನಲ್ಲಿ ಬಂದ ಹಣಕ್ಕೆ ಒಂದು ಚಿಕ್ಕ ಪುಸ್ತಕವನ್ನು ಇಡಿರಿ. ಎಷ್ಟು ಬಂತು, ಔಷಧಕ್ಕೆ ಎಷ್ಟು, ಬಟ್ಟೆಗೆ ಎಷ್ಟು, ಹಾಲಿಗೆ ಎಷ್ಟು ಎಂದು ಬರೆಯಿರಿ. ತಿಂಗಳಿಗೊಂದು ಸಾರಿ ಅಣ್ಣತಮ್ಮಂದಿರು, ಅಕ್ಕತಂಗಿಯರು ಸೇರಿ ಅದನ್ನು ನೋಡಲಿ. ನೋಡಿಕೊಳ್ಳುವ ಸೊಸೆಯ ಊಟಕ್ಕೂ, ವಿಶ್ರಾಂತಿಗಾಗಿ ಒಂದು ದಿವಸ ಬೇರೊಬ್ಬಳನ್ನು ಕೂಲಿಗೆ ಇಡುವದಕ್ಕೂ ಅದರಲ್ಲಿ ಖರ್ಚು ಮಾಡಿದರೆ ತಪ್ಪೋ? ತಪ್ಪಲ್ಲ. ಆಕೆಯ ಕೈ ನಿಂತರೆ ಅಜ್ಜಿಯ ಉಸಿರೂ ನಿಲ್ಲುವದು; ಆಕೆಯನ್ನು ಕಾಪಾಡುವದು ಅಜ್ಜಿಯನ್ನು ಕಾಪಾಡಿದಂತೆಯೇ. ಆದರೆ ಅಜ್ಜಿಯು ಈಗ ಬುದ್ಧಿಯುಳ್ಳವಳಾಗಿ ಎದ್ದು ಆ ಪುಸ್ತಕವನ್ನು ಓದಿದರೆ ಒಪ್ಪುವಳೋ ಎಂದು ಪ್ರತಿಯೊಂದು ಸಾಲನ್ನು ಬರೆಯುವಾಗ ಕೇಳಿಕೊಳ್ಳಿರಿ. ಇದಕ್ಕಿಂತ ಬೇರೆ ಲೆಕ್ಕ ತನಿಖೆ ಬೇಡ.

ಮುಳುಗಡೆಯ ಮನೆಗಳವರಲ್ಲಿ ಅನೇಕರು ಇಂದಿಗೂ ತಾವು ಉಳುವ ನೆಲದ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ನಾಡಿಗೆ ದೀಪ ಹತ್ತಲೆಂದು ತಮ್ಮ ಮನೆಯನ್ನು ಕೊಟ್ಟವರಿಗೆ ನಾಡು ಕೊಡತಕ್ಕದ್ದು ಇನ್ನೂ ಬಾಕಿಯಿದೆ. ಆ ಸಾಲವನ್ನು ನೆನಪಿಟ್ಟ ಹಿರಿಯರು ಒಬ್ಬೊಬ್ಬರಾಗಿ ಅದನ್ನು ಮರೆಯುತ್ತಿದ್ದಾರೆ. ಸಾಲ ಕೊಟ್ಟವನು ಮರೆತನೆಂದು ಸಾಲವು ತೀರುವದುಂಟೋ?

ವಾಚಕರೇ, ನಿಮ್ಮ ಊರಿನಲ್ಲಿ ಸಂಜೆಯ ಹೊತ್ತು ಇಲ್ಲದ ಮನೆಗೆ ಹೊರಡುವ ಅಜ್ಜಿ ಯಾರಾದರೂ ಇದ್ದಾರೋ? ಇದ್ದರೆ ಈ ವಾರದಲ್ಲಿ ಆ ಮನೆಗೆ ಹೋಗಿ ಒಂದು ಗಳಿಗೆ ಕುಳಿತುಕೊಳ್ಳಿರಿ. ಅಜ್ಜಿಯ ಎಮ್ಮೆಯ ಮಾತನ್ನು ಕೇಳಿರಿ; ಸುಳ್ಳೆಂದು ತಿದ್ದಬೇಡಿರಿ. ಆ ಹೊತ್ತಿನಲ್ಲಿ ಸೊಸೆಯು ಸ್ನಾನ ಮಾಡಿಕೊಳ್ಳಲಿ. ಆ ಮೇಲೆ ಚೀಟಿ ಆಯಿತೋ, ಅರ್ಜಿ ಹಾಕಿದ್ದೀರೋ ಎಂದು ವಿಚಾರಿಸಿ, ಓದುಬರಹ ಬಲ್ಲವರಾದರೆ ನೀವೇ ಬರೆದುಕೊಟ್ಟು ನಾಡಕಚೇರಿಗೆ ಸಂಗಡ ಹೋಗಿರಿ. ನೀವು ಮಾಡಿದ್ದನ್ನು ಅಜ್ಜಿಯು ನೆನಪಿಡುವದಿಲ್ಲ. ನಾಳೆ ನಿಮ್ಮನ್ನೇ ಯಾರೆಂದು ಕೇಳುವಳು. ಆದರೂ ಆಕೆಯ ಪಾಲು ಆಕೆಗೆ ಮುಟ್ಟಿರುವದು.